ಕೆ.ಆರ್.ಎಸ್. ಮಟ್ಟ ನಾನೂರ ನಾಲ್ಕು ಅಡಿ

ಪಾಂಡವಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಮೇಷ್ಟ್ರು ನಾನು. ಬಿಡುವಿನಲ್ಲಿ ಬೇಕಾದವರಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಮಾಡಿಕೊಟ್ಟ ಮೇಲೆ ಏನೂ ಎಡವಟ್ಟಾಗದೆ ಒಂದು ತಿಂಗಳು ಕಳೆದದ್ದು ನನಗಂತೂ ನೆನಪಿಲ್ಲ.

೧. ಹಾಜರಿ

ರೈತರಿಗೆಂದು ಕೆ.ಆರ್.ಎಸ್. ನೀರಿನ ಮಟ್ಟ ತೋರಿಸುವ ಪುಟ ಮಾಡುತ್ತಿದ್ದೆ. ಆ ಸಂಖ್ಯೆ ಇರುವುದು ಬೇರೊಂದು ಸೈಟಿನಲ್ಲಿ. ನಮ್ಮ ಪುಟ ನೇರವಾಗಿ ತರಲು ಹೋದರೆ ಬ್ರೌಸರ್ ತಡೆಯುತ್ತದೆ. ಅದಕ್ಕೆ ನಮ್ಮ ಸರ್ವರಿನಲ್ಲಿ ಒಂದು ಸ್ಕ್ರಿಪ್ಟ್ ಕೂರಿಸಿದರೆ, ಅದೇ ಹೋಗಿ ತಂದುಕೊಡುತ್ತದೆ. ಅದರ ಹೆಸರು ಪ್ರಾಕ್ಸಿ.

ಸ್ಟಾಫ್ ರೂಮಿನಲ್ಲಿ ಗೆಳೆಯನಿಗೆ ಫೋನಿನಲ್ಲಿ, "ಇವತ್ತೇ ಪ್ರಾಕ್ಸಿ ಹಾಕ್ಬುಡ್ತೀನಿ" ಅಂದೆ. ಹಿಂದೆಯೇ ಪ್ರಿನ್ಸಿಪಾಲರು.

"ಹುಡುಗ್ರು ಹಾಜರಿಗೆ ಪ್ರಾಕ್ಸಿ ಹಾಕೋದು ಗೊತ್ತಿತ್ತು. ಮೇಷ್ಟ್ರೂ ಶುರು ಮಾಡಿದ್ರಾ?"

ಕಾಲು ಗಂಟೆ ವಿವರಿಸಿದೆ. ಎಲ್ಲ ಕೇಳಿ, "ಅಂದ್ರೆ ಒಬ್ಬರ ಬದಲು ಇನ್ನೊಬ್ರು ಹೋಗ್ಬರೋದು. ನಾನು ಹೇಳಿದ್ದೂ ಅದನ್ನೇ ಕಣ್ರೀ!" ಅಂದರು.

೨. ಪಂಚಾಂಗ

ಗಂಜಾಂನ ಅರ್ಚಕರೊಬ್ಬರು ತಮ್ಮ ಸಣ್ಣ ದೇವಸ್ಥಾನದ ಪುಟದಲ್ಲಿ ದಿನದ ತಿಥಿ, ನಕ್ಷತ್ರ ಬರಬೇಕೆಂದರು. ಅದೇ ಸ್ಕ್ರಿಪ್ಟನ್ನು ಪಂಚಾಂಗದ ಸೈಟಿಗೆ ಅಟ್ಟಿದೆ. ಅದು ತಿಥಿಯ ಜೊತೆಗೆ ಪಕ್ಕದಲ್ಲಿದ್ದ ಚಪ್ಪಲಿ ಜಾಹೀರಾತನ್ನೂ ಹೊತ್ತು ತಂದು, ದೇವರ ಫೋಟೋ ಕೆಳಗೇ ಇಟ್ಟಿತು.

ಅರ್ಚಕರ ಫೋನು ಬಂತು. ಬೈಗುಳಕ್ಕೆ ಸಿದ್ಧನಾದೆ.

"ತಿಥಿ ಸರಿಯಾಗಿದೆ ಮೇಷ್ಟ್ರೇ. ಒಳಗೆ ಬರೋ ಮುಂಚೆ ಚಪ್ಪಲಿ ಹೊರಗೆ ಬಿಡಬೇಕು ಅಂತ ನಿಮ್ಮ ಸ್ಕ್ರಿಪ್ಟಿಗೆ ಒಂದ್ಮಾತು ಹೇಳಿ."

೩. ತೆಪ್ಪ

ಆ ವರ್ಷ ಮಳೆ ತಡವಾಗಿತ್ತು. ನಾಲೆಗೆ ನೀರು ಬಿಟ್ಟಿರಲಿಲ್ಲ. ಭತ್ತದ ಸಸಿ ಬೆಳೆಸುವ ಒಟ್ಲು ಹಾಕಲೋ ಬೇಡವೋ ಎಂದು ಜನ ದಿನಾ ನನ್ನ ಪುಟ ನೋಡುತ್ತಿದ್ದರು.

ಒಂದು ಬೆಳಗ್ಗೆ ನೀರಿನ ಮಟ್ಟ ಕೊಡುವ ಸೈಟಿನವರು ಪುಟದ ವಿಳಾಸ ಬದಲಿಸಿದರು. ನನ್ನ ಸ್ಕ್ರಿಪ್ಟ್ ಹಳೆಯ ವಿಳಾಸಕ್ಕೇ ಹೋಯಿತು. ಅಲ್ಲಿ ಸಿಕ್ಕಿದ್ದು '404', ಅಂದರೆ 'ಪುಟ ಇಲ್ಲ' ಎಂಬ ಸೂಚನೆ. ಕಂಡ ಮೊದಲ ಸಂಖ್ಯೆಗೆ 'ಅಡಿ' ಸೇರಿಸು ಎಂದು ನಾನೇ ಬರೆದಿದ್ದೆ. ತುಂಬಿದರೂ ನೂರಿಪ್ಪತ್ತೈದು ದಾಟದ ಕಟ್ಟೆ, ನನ್ನ ಪುಟದಲ್ಲಿ 404 ಅಡಿ!

ಪಕ್ಕದ ಹಳ್ಳಿಯ ಹಿರಿಯ ರೈತರೊಬ್ಬರು ಫೋನ್ ಮಾಡಿದರು. "ಮೇಷ್ಟ್ರೇ, ಇಂಗಾದ್ರೆ ಒಟ್ಲು ಹಾಕ್ಲಾ, ತೆಪ್ಪ ಕಟ್ಲಾ?"

ನಾಚಿಕೆಯಿಂದ ನಾಲಿಗೆ ಕಚ್ಚಿಕೊಂಡೆ. ವಿಳಾಸ ತಿದ್ದಿದೆ. ನಿಜವಾದ ಮಟ್ಟ ಬಂತು: ನೂರೈದು. ಹಿಂದಿನ ದಿನಕ್ಕಿಂತ ಎರಡು ಅಡಿ ಹೆಚ್ಚು. ಮೇಲೆಲ್ಲೋ ಮಳೆ ಹಿಡಿದಿತ್ತು. ತಕ್ಷಣ ಅವರಿಗೇ ಫೋನ್ ಮಾಡಿ, "ತಪ್ಪಾಗಿತ್ತು, ಕ್ಷಮಿಸಿ. ಬರೀ ನೂರೈದು. ಆದ್ರೆ ಏರ್ತಾ ಐತೆ" ಅಂದೆ.

ಅತ್ತ ಕಡೆ ಅವರು ಗಹಗಹಿಸಿ ನಕ್ಕರು.

"ಅಷ್ಟು ಸಾಕು ಬುಡಿ ಮೇಷ್ಟ್ರೇ! ನಾನು ದೇವ್ರುನ್ನ ಕೇಳಿದ್ದು ಎರಡೆಕ್ರೆ ಗದ್ದೆಗೆ. ಅವನು ಇಡೀ ಜಿಲ್ಲೆ ಮುಳುಗ್ಸಕ್ಕೆ ಒಪ್ಕೊಂಡ್ಬುಟ್ನೇನೋ ಅಂತ ಎದ್ರುಕೊಂಡಿದ್ದೆ!"