ಅತ್ತೆಗೊಂದು ನಗುವ ತಲೆ

ಕನ್ನಡಕದಂಗಡಿಯ ಯಜಮಾನನಿಗೆ ಲೋಕದ ಮೇಲೆ ಇದ್ದ ದೂರು ಒಂದೇ. ತನ್ನ ಬಳಿ ಇರುವ ವಸ್ತುಗಳನ್ನು ಯಾರೂ ಸರಿಯಾದ ಹೆಸರಿನಿಂದ ಕರೆಯುವುದಿಲ್ಲ ಎಂಬುದು. ಅವು ಮಿನಿಫಿಗರ್‌ಗಳು. ಮಕ್ಕಳು ಜೋಡಿಸಿ ಮನೆ ಕಟ್ಟುವ ಪ್ಲಾಸ್ಟಿಕ್ ಇಟ್ಟಿಗೆಗಳ ಜೊತೆಗೆ ಬರುವ, ಹೆಬ್ಬೆರಳುದ್ದದ ಮನುಷ್ಯರು. ಕೂದಲು, ತಲೆ, ಮುಂಡ, ಕಾಲು ಎಲ್ಲವೂ ಬಿಡಿಬಿಡಿಯಾಗಿ ಕಳಚಿ ಬರುತ್ತವೆ. ಪೊಲೀಸಿನವನ ಮುಂಡದ ಮೇಲೆ ಅಡುಗೆಯವನ ತಲೆ ಕೂರಿಸಿದರೆ ಇಬ್ಬರೂ ಬೇಸರ ಮಾಡಿಕೊಳ್ಳುವುದಿಲ್ಲ. ಹೀಗೆ ನಾನಾ ಕಡೆಯಿಂದ ಬಿಡಿಭಾಗ ತಂದು, ಯಾವ ಅಂಗಡಿಯ ಪೆಟ್ಟಿಗೆಯಲ್ಲೂ ಸಿಗದ ಹೊಸ ಮನುಷ್ಯರನ್ನು ಸೃಷ್ಟಿಸುವುದು ಯಜಮಾನನ ಹವ್ಯಾಸ. ಅವನು ಅದನ್ನು ಕಲೆ ಎನ್ನುತ್ತಿದ್ದ. ಹೆಂಡತಿ ‘ಆ ಗೊಂಬೆಗಳು’ ಎನ್ನುತ್ತಿದ್ದಳು. ಹೆಂಡತಿಯ ತಾಯಿ, ಅಂದರೆ ಅವನ ಅತ್ತೆ, ನಿವೃತ್ತ ಮುಖ್ಯೋಪಾಧ್ಯಾಯಿನಿ. ಅವರು ತಾವಾಗಿ ಏನೂ ಎನ್ನುತ್ತಿರಲಿಲ್ಲ. ಮಗಳ ಮನೆಗೆ ಬಂದಿದ್ದಾಗ, ಅಳಿಯ ಏನು ಮಾಡುತ್ತಿದ್ದಾನೆಂದು ಯಾರಾದರೂ ಕೇಳಿದರೆ ಮಾತ್ರ, “ಒಳಗೆ ಆಡ್ಕೋತಾ ಇದ್ದಾರೆ” ಎನ್ನುತ್ತಿದ್ದರು.

(ಯಜಮಾನ ಎಂಬ ಮಾತನ್ನು ಸ್ವಲ್ಪ ಹುಷಾರಾಗಿ ಓದಿಕೊಳ್ಳಬೇಕು. ಅಂಗಡಿಯಲ್ಲಿ ಅದಕ್ಕೆ ಅರ್ಥವಿತ್ತು. ಮನೆಯಲ್ಲಿ ಹೆಂಡತಿ ಫೋನಿನಲ್ಲಿ “ನಮ್ಮ ಯಜಮಾನ್ರನ್ನ ಒಂದು ಮಾತು ಕೇಳಿ ಹೇಳ್ತೀನಿ” ಎಂದರೆ, ಆಗುವುದಿಲ್ಲ ಎನ್ನಲು ಅವಳಿಗೊಂದು ನೆಪ ಬೇಕಾಗಿದೆ ಎಂದರ್ಥ.)

ಕಲೆ ಬೆಳೆಯುತ್ತ ಹೋದಂತೆ ಮನೆ ಚಿಕ್ಕದಾಗುತ್ತ ಬಂತು. ಕಾಂಟ್ಯಾಕ್ಟ್ ಲೆನ್ಸಿನ ಖಾಲಿ ಡಬ್ಬಿಗಳಲ್ಲಿ ಕೈಗಳು, ಸೂಜಿದಾರದ ಪೆಟ್ಟಿಗೆಯಲ್ಲಿ ಟೋಪಿಗಳು, ಮೊಟ್ಟೆಯ ಟ್ರೇಯಲ್ಲಿ ಗುಂಡಿಗೊಂದರಂತೆ ಮುಂಡಗಳು. ತಲೆಗಳಿಗೆ ಹೇಳಿ ಮಾಡಿಸಿದ ಹಾಗೆ ಹೊಂದುತ್ತಿದ್ದುದು ಫ್ರಿಜ್ಜಿನ ಐಸ್ ಟ್ರೇ. ಅದರಿಂದಲೇ ಅನಾಹುತವಾಯಿತು. ಹೆಂಡತಿಯ ಅಕ್ಕ ಒಂದು ಮಧ್ಯಾಹ್ನ ಬಂದವಳು ಹಣ್ಣಿನ ರಸ ಕುಡಿಯುತ್ತ ಕುಡಿಯುತ್ತ ನಿಲ್ಲಿಸಿ, ಲೋಟದೊಳಕ್ಕೆ ದಿಟ್ಟಿಸಿ, “ಇದರೊಳಗೆ ಯಾರೋ ನನ್ನ ನೋಡಿ ನಗ್ತಿದ್ದಾರೆ ಕಣೇ” ಎಂದಳು.

ಅಕ್ಕ ಹೋದ ಮೇಲೆ ಹೆಂಡತಿ ಬಾಗಿಲು ಹಾಕಿ ಬಂದಳು.

“ರೀ, ಒಂದೋ ಇವನ್ನೆಲ್ಲ ನೀವು ಜೋಡಿಸಿಡಿ. ಇಲ್ಲ ಅಂದ್ರೆ ನಾನು ಜೋಡಿಸ್ತೀನಿ. ನಾನು ಜೋಡಿಸಿದ್ರೆ ಕಸದ ಡಬ್ಬಿ ಒಂದೇ ಸಾಕು.”

ಮುಂದಿನ ಭಾನುವಾರ ಯಜಮಾನ ವರ್ಗೀಕರಣಕ್ಕೆ ಕೂತ. ಮೊಳೆ, ತಿರುಪು ಇಡುವಂಥ ಚಿಕ್ಕ ಚಿಕ್ಕ ಡ್ರಾಯರುಗಳ ಒಂದು ಕಪಾಟು ತಂದು, ಎಲ್ಲವನ್ನೂ ಬಣ್ಣದ ಪ್ರಕಾರ ವಿಂಗಡಿಸಿದ. ಕೆಂಪಿನ ಡ್ರಾಯರು, ನೀಲಿಯ ಡ್ರಾಯರು, ಕಪ್ಪಿನ ಡ್ರಾಯರು. ನೋಡಲು ಬಣ್ಣದ ಪೆಟ್ಟಿಗೆಯ ಹಾಗಿತ್ತು. ಹೆಮ್ಮೆಯಿಂದ ಹೆಂಡತಿಯನ್ನು ಕರೆದ. ಅವಳು ದೊಡ್ಡ ಆಸ್ಪತ್ರೆಯೊಂದರ ಔಷಧಿ ವಿಭಾಗದಲ್ಲಿ ಕೆಲಸ ಮಾಡುವವಳು. ಕಪಾಟು ನೋಡುವ ಅವಳ ದೃಷ್ಟಿಯೇ ಬೇರೆ.

“ಕಪ್ಪು ಡ್ರಾಯರಲ್ಲಿ ಏನೇನಿದೆ?” ಎಂದಳು.

“ಕೂದಲು, ಟೋಪಿ, ಕಾಲು, ಬೂಟು, ಸ್ವಲ್ಪ ಕೈ.”

“ಕಪ್ಪು ಕೂದಲ ರಾಶೀಲಿ ಕಪ್ಪು ಕೈ ಹೇಗೆ ಹುಡುಕ್ತೀರಿ?”

“ಹುಡುಕಿದ್ರೆ ಸಿಗುತ್ತೆ.”

“ಹುಡುಕೋ ಹಾಗಿದ್ರೆ ಜೋಡಿಸಿದ್ದು ಯಾಕೆ? ಬಿಳೀ ಮಾತ್ರೆಗಳನ್ನೆಲ್ಲ ಒಂದೇ ಕಡೆ ಸುರಿದು, ಬಣ್ಣ ಸರಿಯಾಗಿದೆ ಅಂತ ನಾನು ರೋಗಿಗಳಿಗೆ ಕೊಟ್ರೆ ಹೇಗಿರುತ್ತೆ?”

ಮಾತು ಮುಗಿಯುವಷ್ಟರಲ್ಲಿ ಅವಳು ಡ್ರಾಯರುಗಳನ್ನೆಲ್ಲ ನೆಲದ ಮೇಲೆ ಬೋರಲು ಹಾಕಿದ್ದಳು. ಸಂಜೆಯ ಹೊತ್ತಿಗೆ ಅಂಗಾಂಗಗಳು ತಮ್ಮ ತಮ್ಮ ಜಾತಿಯನ್ನು ಸೇರಿಕೊಂಡಿದ್ದವು. ಕೂದಲಿನಲ್ಲಿ ಗಂಡಸಿನದು ಬೇರೆ, ಹೆಂಗಸಿನದು ಬೇರೆ. ಅದರಲ್ಲೂ ನರೆತದ್ದು ಬೇರೆ. ತಲೆಗಳಲ್ಲಿ ಮೀಸೆಯವು, ಗಡ್ಡದವು, ಯಾರಿಗಾದರೂ ಹೊಂದುವಂಥವು. ಪ್ರತಿ ಡ್ರಾಯರಿಗೂ ಅವಳು ಆಸ್ಪತ್ರೆಯ ಹಳೆಯ ಚೀಟಿ ಅಂಟಿಸಿದಳು. ಚೀಟಿಯ ತಳದಲ್ಲಿ ‘ಮಕ್ಕಳ ಕೈಗೆ ಸಿಗದಂತೆ ಇಡಿ’ ಎಂದು ಮೊದಲೇ ಅಚ್ಚಾಗಿತ್ತು. ಯಜಮಾನನಿಗೆ ಅದು ಬಹಳ ಹಿಡಿಸಿತು. ತನ್ನ ಕಲೆಯನ್ನು ಗಂಭೀರವಾಗಿ ತೆಗೆದುಕೊಂಡ ಮೊದಲ ಬರವಣಿಗೆ ಅದು.

ಎಲ್ಲ ಹೀಗೆ ಸಾಲಾಗಿ ನಿಂತದ್ದನ್ನು ನೋಡಿದಾಗಲೇ ಅವನಿಗೆ ಆ ವಿಚಾರ ಹೊಳೆದದ್ದು. ಅತ್ತೆ ಮಾವನ ಮದುವೆಯಾಗಿ ಐವತ್ತು ವರ್ಷ ತುಂಬುವುದರಲ್ಲಿತ್ತು. ಇಡೀ ಸಂಸಾರವನ್ನೇ ಮಾಡಿ, ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ನಿಲ್ಲಿಸಿ ಕೊಟ್ಟರೆ ಹೇಗೆ? ಈ ಸಂದರ್ಭಕ್ಕೆ ಹಣ್ಣಿನ ರಸ ಕುಡಿದಿದ್ದ ಅತ್ತಿಗೆಯ ಗಂಡ, ಅಂದರೆ ಅವನ ಷಡ್ಡಕ, ಏನು ತರುತ್ತಾನೆಂಬುದು ಗೊತ್ತಿಲ್ಲದಿದ್ದರೂ ಎಷ್ಟು ದೊಡ್ಡದನ್ನು ತರುತ್ತಾನೆಂಬುದು ಗೊತ್ತಿತ್ತು. ಷಡ್ಡಕ ಕಟ್ಟಡದ ಕಂಟ್ರಾಕ್ಟರ್. ಅವನ ಉಡುಗೊರೆಗಳನ್ನು ಒಳಗೆ ತರಬೇಕಾದರೆ ಬಾಗಿಲಿನ ರೆಕ್ಕೆ ಕಳಚಬೇಕಾಗುತ್ತಿತ್ತು. ಗಾತ್ರದಲ್ಲಿ ಅವನನ್ನು ಗೆಲ್ಲುವುದು ಆಗದ ಮಾತು; ಕಲೆಯಲ್ಲಿ ಗೆಲ್ಲಬಹುದಿತ್ತು. ಗೆದ್ದರೆ ಅತ್ತೆ ಇನ್ನು ಮುಂದೆ ‘ಆಡ್ಕೋತಾ ಇದ್ದಾರೆ’ ಎನ್ನಲಾರರು.

“ಅಮ್ಮನಿಗೆ ಇಷ್ಟ ಆಗುತ್ತಾ?” ಹೆಂಡತಿ ಅನುಮಾನಿಸಿದಳು.

“ನಿಮ್ಮಮ್ಮನಿಗೆ ಇಷ್ಟ ಆದ ಯಾವುದಾದ್ರೂ ವಸ್ತು ಹೇಳು.”

ಹೆಂಡತಿ ಸ್ವಲ್ಪ ಹೊತ್ತು ಯೋಚಿಸಿ, “ಮಾಡಿ” ಎಂದಳು.

ಮುಂಡಗಳು ಬೇಗ ಸಿಕ್ಕವು. ಅತ್ತೆಗೆ ಬೂದು ಬಣ್ಣದ ಉಡುಪು, ನರೆಗೂದಲಿನ ತುರುಬು. ಮಾವನಿಗೆ ಕೈಯಿಲ್ಲದ ಸ್ವೆಟರು. ಹೆಂಡತಿಗೆ ಬಿಳಿ ಕೋಟು. ಷಡ್ಡಕನ ಹೊಟ್ಟೆಯದೊಂದು ತೊಡಕಿತ್ತು. ಮಿನಿಫಿಗರ್‌ಗಳ ನಾಡಿನಲ್ಲಿ ಯಾರಿಗೂ ಹೊಟ್ಟೆ ಇರುವುದಿಲ್ಲ. ಇದರಿಂದ ಅವನಿಗೇನೂ ದುಃಖವಾಗಲಾರದೆಂದು ಯಜಮಾನ ಮುಂದುವರಿದ. ಅವನ ಬೋಳುತಲೆಯನ್ನು ಕಂಟ್ರಾಕ್ಟರರ ಹಳದಿ ಹೆಲ್ಮೆಟ್ಟಿನಿಂದ ಮುಚ್ಚಿದ.

ಕಷ್ಟವಾದದ್ದು ತಲೆಗಳು. ಡ್ರಾಯರಿನಲ್ಲಿದ್ದವರೆಲ್ಲ ಕಡಲ್ಗಳ್ಳರು, ಕುಸ್ತಿಯವರು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರು. ಸಾಧಾರಣವಾಗಿ ನಗುವ ಸಂಸಾರಸ್ಥರ ಮುಖ ಎಲ್ಲೂ ಇಲ್ಲ. ಅದರಲ್ಲೂ ಅತ್ತೆಯ ನಗುಮುಖಕ್ಕೆ ಮಾದರಿಯೇ ಇರಲಿಲ್ಲ. ಯಜಮಾನ ಹಳೆಯ ಫೋಟೋಗಳನ್ನೆಲ್ಲ ತಿರುವಿ ಹಾಕಿದ. ಮದುವೆಯ ಫೋಟೋದಲ್ಲಿ ಕೂಡ ಅವರು, ಯಾರೋ ತಡವಾಗಿ ತರಗತಿಗೆ ಬಂದವರನ್ನು ನೋಡುವಂತೆ ಕ್ಯಾಮರಾ ನೋಡುತ್ತಿದ್ದರು. ಪಕ್ಕದಲ್ಲಿ ಮಾವ, ತಡವಾಗಿ ಬಂದವರಂತೆಯೇ ನಿಂತಿದ್ದರು.

ಕೊನೆಗೆ ಅಂಗಡಿಯಿಂದಲೇ ಬಿಡಿಭಾಗಗಳ ವ್ಯಾಪಾರಿಗೆ ಫೋನು ಮಾಡಿದ.

“ವಯಸ್ಸಾದ ಹೆಂಗಸಿನ ತಲೆ ಒಂದು ಬೇಕಿತ್ತು,” ಎಂದ. “ಕೋಪ ಇರಬಾರದು. ಮುಂಡ ಬೇಡ, ಮುಂಡ ಮನೇಲಿದೆ. ಕೈಗಳೂ ಇವೆ, ಡಬ್ಬಿ ತುಂಬ.”

ಕುರ್ಚಿಯಲ್ಲಿ ಕೂತು ಗೋಡೆಯ ಮೇಲಿನ ಅಕ್ಷರಗಳನ್ನು ಓದುತ್ತಿದ್ದ ಗಿರಾಕಿ ಓದುವುದನ್ನು ನಿಲ್ಲಿಸಿದ.

“ಯಾರಿಗಾ? ನಮ್ಮತ್ತೆಗೆ. ಹಾಂ, ಹೆಂಡತಿದೂ ತಲೆ ಬದಲಾಯಿಸಬೇಕು. ಒಟ್ಟಿಗೇ ಮುಗಿಸಿಬಿಡೋಣ ಅಂತ.”

ಗಿರಾಕಿ ಎದ್ದು, ಕೆಳಗಿನ ಸಾಲು ಕಾಣಿಸುತ್ತಿಲ್ಲ, ನಾಳೆ ಬರುತ್ತೇನೆ ಎಂದು ಹೊರಟುಹೋದ. ಅವನ ಆ ನಾಳೆ ಇನ್ನೂ ಬಂದಿಲ್ಲ.

ವ್ಯಾಪಾರಿ ಹೇಳಿದ್ದಿಷ್ಟು: ಬರೀ ನಗುವ ತಲೆಗಳು ಖಾಲಿಯಾಗಿವೆ. ಇರುವುದೆಲ್ಲ ಜೋಡಿ ಮುಖದವು. ಒಂದೇ ತಲೆಗೆ ಮುಂದೊಂದು ಮುಖ, ಹಿಂದೊಂದು ಮುಖ ಅಚ್ಚು ಹಾಕಿರುತ್ತಾರೆ. ಆಟದ ನಡುವೆ ಗೊಂಬೆಗೆ ಕೋಪವೋ ಭಯವೋ ಬರಬೇಕಾದರೆ ತಲೆ ತಿರುಗಿಸಿದರಾಯಿತು. “ಮುಂದೆ ಎಲ್ಲಾ ನಗುಮುಖವೇ ಸಾರ್. ಹಿಂದಿಂದು ಕೂದಲೊಳಗೆ ಮುಚ್ಚಿಹೋಗುತ್ತೆ. ಯಾರು ಬಿಚ್ಚಿ ನೋಡ್ತಾರೆ?”

ಯಜಮಾನನಿಗೂ ಅದು ಸರಿ ಎನಿಸಿತು. ತಲೆಗಳು ಬಂದವು. ಮನೆಮಂದಿಯೆಲ್ಲ ನಗುತ್ತ ಸಾಲಾಗಿ ನಿಂತರು. ಒಂದು ತಲೆ ಕಡಿಮೆ ಬಿದ್ದಾಗ, ಮೊದಲು ಕಣ್ಣಿಗೆ ಬೀಳದೆ ಹೋಗಿದ್ದ ಹಳೆಯ ಕಾಲದ ಒಂಟಿ ಮುಖದ ತಲೆಯೊಂದು ಡ್ರಾಯರಿನ ಮೂಲೆಯಲ್ಲಿ ಸಿಕ್ಕಿತು. ಹಿತವಾದ, ಸಜ್ಜನಿಕೆಯ ನಗು. ಅದನ್ನು ಯಾರಿಗೆ ಇಡುವುದೆಂದು ಅವನು ಹೆಚ್ಚು ಯೋಚಿಸಲಿಲ್ಲ. ತನಗೇ ಇಟ್ಟುಕೊಂಡ.

ಮದುವೆಗೆ ಐವತ್ತು ತುಂಬಿದ ದಿನ ಅತ್ತೆಯ ಮನೆಯಲ್ಲಿ ಮನೆಯವರು ಮಾತ್ರ ಇದ್ದರು. ಷಡ್ಡಕ ಮಸಾಜ್ ಮಾಡುವ ಕುರ್ಚಿಯೊಂದನ್ನು ತಂದಿದ್ದ. ಅದು ಬಾಗಿಲಲ್ಲಿ ಸಿಕ್ಕಿಕೊಂಡಿದ್ದರಿಂದ ಎಲ್ಲರೂ ಹಿತ್ತಿಲ ಕಡೆಯಿಂದ ಓಡಾಡುತ್ತಿದ್ದರು. ಊಟ ಮುಗಿದ ಮೇಲೆ ಯಜಮಾನ ತನ್ನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಕಾಗದ ಬಿಚ್ಚಿದ. ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿದರು.

“ಇದು ನಾನಾ?” ಎಂದರು.

“ಹೌದು ಅತ್ತೆ.”

“ನಗ್ತಾ ಇದ್ದೀನಿ.”

“ಹೌದು ಅತ್ತೆ.”

ಅತ್ತೆ ನೆಟ್ಟಗಾಗಲಿಲ್ಲ. ಬಗ್ಗಿ ನೋಡುತ್ತಲೇ ಇದ್ದರು. ಹದಿನೈದು ವರ್ಷಗಳ ಅಳಿಯತನದಲ್ಲಿ ಯಜಮಾನ ಕಂಡ ಅತಿ ದೊಡ್ಡ ಮೆಚ್ಚುಗೆ ಅದು. ಬಾಗಿಲಲ್ಲಿ ಸಿಕ್ಕಿಕೊಂಡ ಕುರ್ಚಿಯ ಕಡೆಗೊಮ್ಮೆ ಅವನು ಕಣ್ಣು ಹಾಯಿಸಿದ.

“ಈ ಹೆಲ್ಮೆಟ್ ಒಳಗೆ ನಂಗೆ ಕೂದಲು ಕೊಟ್ಟಿದ್ದೀಯೋ ಇಲ್ಲವೋ ನೋಡ್ಬೇಕಪ್ಪ,” ಎಂದು ಷಡ್ಡಕ ಗಾಜಿನ ಮುಚ್ಚಳ ತೆಗೆದ.

“ಬೇಡ ಅಣ್ಣ, ಅದು ಬಿಗಿಯಾಗಿದೆ.”

ಹೆಲ್ಮೆಟ್ ಸಲೀಸಾಗಿ ಬಂತು. ಷಡ್ಡಕ ಗೊಂಬೆಯನ್ನು ತಿರುಗಿಸಿದ. ಹಿಂದಿನಿಂದ ಇನ್ನೊಬ್ಬ ಅವನನ್ನು ನೋಡಿ ಹಲ್ಲು ಕಡಿಯುತ್ತಿದ್ದ.

“ಇದ್ಯಾರು?”

“ಅದು ಹಿಂದಿನ ಮುಖ ಅಣ್ಣ. ಕಂಪನಿಯಲ್ಲೇ ಹಾಗೆ ಮಾಡಿರ್ತಾರೆ.”

“ನಂಗೊಂದು ಹಿಂದಿನ ಮುಖ ಬೇರೆ ಇದೆಯಾ?”

ಅತ್ತಿಗೆ ಸುಮ್ಮನೆ ತನ್ನ ಗೊಂಬೆಯ ಕೂದಲು ಕಿತ್ತಳು. ಹಿಂದಿನ ಮುಖ ಬಾಯಿ ಸೊಟ್ಟ ಮಾಡಿಕೊಂಡು ಅಳುತ್ತಿತ್ತು. “ನಾನು ಯಾವತ್ತು ಹೀಗೆ ಅತ್ತಿದ್ದೀನಿ?” ಎಂದು ಕೇಳುವಾಗಲೇ ಅವಳ ಕಣ್ಣು ತುಂಬಿಕೊಂಡಿತ್ತು. ಹೆಂಡತಿ ತನ್ನದನ್ನು ತಿರುಗಿಸಿ ನೋಡಿದಳು. ಅವಳ ಒಂದು ಹುಬ್ಬು ಮೇಲೇರಿತು. ಗೊಂಬೆಯ ಹಿಂದಿನ ಮುಖದಲ್ಲೂ ಅದೇ ಹುಬ್ಬು ಅಷ್ಟೇ ಮೇಲೇರಿತ್ತು. ಮಾವನ ಹಿಂದಿನ ಮುಖ ಕಣ್ಣರಳಿಸಿ ಹೆದರಿಕೊಂಡಿತ್ತು, ಹಣೆಯಲ್ಲಿ ಬೆವರ ಹನಿ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, “ಹೋಲುತ್ತೆ” ಎಂದರು.

“ಅಂತೂ ನಮ್ಮ ಮನೆಯವರೆಲ್ಲ ಎರಡು ಮುಖದವರು,” ಎಂದಳು ಅತ್ತಿಗೆ.

“ರೀ,” ಎಂದಳು ಹೆಂಡತಿ, “ನಿಮ್ಮ ಕೂದಲು ತೆಗೀರಿ ನೋಡೋಣ.”

ಯಜಮಾನ ತೆಗೆಯಲಿಲ್ಲ. ಅವಳೇ ತೆಗೆದಳು. ಹಿಂದೆ ನುಣ್ಣನೆಯ ಹಳದಿ ಪ್ಲಾಸ್ಟಿಕ್ ಬಿಟ್ಟರೆ ಏನೂ ಇರಲಿಲ್ಲ. ಎಲ್ಲರೂ ಅವನತ್ತ ತಿರುಗಿದರು.

“ಸ್ಟಾಕಿನಲ್ಲಿ ಅಂಥದ್ದು ಒಂದೇ ಇತ್ತು,” ಎಂದ ಯಜಮಾನ.

“ಆ ಒಂದನ್ನ ಅಮ್ಮನಿಗೆ ಇಡಬಹುದಿತ್ತಲ್ಲ?”

“ಅದು ಗಂಡಸಿನ ತಲೆ.”

“ಆ ತಲೆ ಇದ್ದ ಡ್ರಾಯರಿಗೆ ಚೀಟಿ ಅಂಟಿಸಿದವಳು ನಾನು. ‘ಯಾರಿಗಾದರೂ ಹೊಂದುತ್ತದೆ’ ಅಂತ ಬರೆದಿದ್ದೀನಿ.”

ಈಗ ಅತ್ತೆ ತಮ್ಮ ಗೊಂಬೆಯನ್ನು ಎತ್ತಿಕೊಂಡು ತುರುಬು ಕಳಚಿದರು. ಹಿಂದಿನ ಮುಖದ ಹುಬ್ಬುಗಳು ಒಂದಕ್ಕೊಂದು ಡಿಕ್ಕಿ ಹೊಡೆದಿದ್ದವು. ಬಾಯಿ ಅಗಲವಾಗಿ ತೆರೆದು ಯಾರನ್ನೋ ಹೊರಗೆ ಕಳಿಸುತ್ತಿತ್ತು. ಮಾವ ಅಭ್ಯಾಸಬಲದಿಂದ ಒಂದು ಹೆಜ್ಜೆ ಹಿಂದೆ ಸರಿದರು. ಅತ್ತೆ ಅದನ್ನು ಹಾಗೆ ಹೀಗೆ ತಿರುಗಿಸಿ ನೋಡಿ, ಆ ಮುಖವನ್ನೇ ಮುಂದೆ ಮಾಡಿ, ತುರುಬನ್ನು ಒತ್ತಿ ಕೂರಿಸಿದರು.

“ಆ ನಗೋ ಹೆಂಗಸು ಯಾರೋ ನಂಗೆ ಗೊತ್ತಿಲ್ಲ. ಎಷ್ಟು ನೋಡಿದ್ರೂ ಗುರುತು ಹತ್ತಲಿಲ್ಲ,” ಎಂದರು. “ಇದು ನಾನು. ಈ ಮುಖ ಇಟ್ಕೊಂಡೇ ಶಾಲೆ ನಡೆಸಿದ್ದು. ಚೆನ್ನಾಗಿ ಹುಡುಕಿದ್ದೀರಿ ಅಳಿಯಂದ್ರೇ.”

ಅತ್ತೆ ಹೇಳಿದ ಮೇಲೆ ಮುಗಿಯಿತು. ಷಡ್ಡಕ ಹಲ್ಲು ಕಡಿಯುವ ಮುಖವನ್ನು ಮುಂದೆ ಮಾಡಿಕೊಂಡು, “ಸಿಮೆಂಟು ತಡವಾಗಿ ಬಂದಾಗ ನಾನು ಹೀಗೇ ಇರ್ತೀನಿ” ಎಂದು ಒಪ್ಪಿಕೊಂಡ. ಅತ್ತಿಗೆ ಅಳುವ ಮುಖ ಇಟ್ಟುಕೊಂಡಳು. ಮಾವ ಬೆವರು ಇಟ್ಟುಕೊಂಡರು. ಹೆಂಡತಿಗೆ ಹುಬ್ಬು ಬಹಳ ಹಿಡಿಸಿತ್ತು. ಎಲ್ಲರಿಗೂ ತಮ್ಮ ತಮ್ಮ ನಿಜರೂಪ ಸಿಕ್ಕಿದ ಸಂತೋಷವಾಯಿತು, ಒಬ್ಬರದನ್ನೊಬ್ಬರು ತೋರಿಸಿಕೊಂಡು ನಕ್ಕರು. ಯಜಮಾನನೂ ಉಸಿರು ಬಿಟ್ಟ. ಮುಚ್ಚಳ ಹಾಕಲು ಮುಂದಾದ.

“ಒಂದ್ನಿಮಿಷ,” ಎಂದರು ಅತ್ತೆ.

ಪೆಟ್ಟಿಗೆಯೊಳಗೆ ಒಬ್ಬರು ಗದರುತ್ತಿದ್ದರು, ಒಬ್ಬ ಹಲ್ಲು ಕಡಿಯುತ್ತಿದ್ದ, ಒಬ್ಬಳು ಅಳುತ್ತಿದ್ದಳು, ಒಬ್ಬರು ಬೆವರುತ್ತಿದ್ದರು. ನಡುವೆ ಕನ್ನಡಕದಂಗಡಿಯ ಯಜಮಾನನೊಬ್ಬ ಹಿತವಾಗಿ, ಸಜ್ಜನಿಕೆಯಿಂದ ನಗುತ್ತಿದ್ದ.

“ಮನೆಯವರೆಲ್ಲ ಇಷ್ಟು ಕಷ್ಟದಲ್ಲಿರೋವಾಗ ನೀವೊಬ್ರೇ ನಗ್ತಾ ನಿಂತ್ರೆ ನೋಡಿದವರು ಏನಂದ್ಕೋತಾರೆ?” ಎಂದ ಅತ್ತೆ, ಹಿಂದಿನ ಬೆಂಚಿನ ಹುಡುಗನಿಂದ ಗೋಲಿ ಕಿತ್ತುಕೊಳ್ಳುವಷ್ಟೇ ಸಹಜವಾಗಿ ಅವನ ತಲೆಯನ್ನು ಕಿತ್ತು, ತಮ್ಮ ಪರ್ಸಿಗೆ ಹಾಕಿ ಜಿಪ್ಪು ಎಳೆದರು. “ನಿಮಗೆ ಸರಿಯಾದ್ದನ್ನ ಹುಡುಕಿ ತನ್ನಿ. ಆಮೇಲೆ ಕೂರಿಸೋಣ.”

ಅಂದಿನಿಂದ ಯಜಮಾನ ಹುಡುಕುತ್ತಿದ್ದಾನೆ. ಆಲೋಚನಾಮಗ್ನನಾದ ಮುಖವೊಂದನ್ನು ತಂದ. ಇದರಲ್ಲಿ ಬುದ್ಧಿ ಜಾಸ್ತಿ ಕಾಣುತ್ತದೆ ಎಂದಳು ಹೆಂಡತಿ. ಧೈರ್ಯದ ಮುಖ ತಂದಾಗ ಅವಳು ಕಾರಣ ಕೂಡ ಹೇಳಲಿಲ್ಲ. ಹೆದರಿದ ಮುಖ ಸರಿಹೋಗುತ್ತಿತ್ತು; ಆದರೆ ಅದು ಆಗಲೇ ತಮ್ಮದಾಗಿದೆ ಎಂದು ಮಾವ ಜೀವನದಲ್ಲಿ ಮೊದಲ ಬಾರಿಗೆ ಆಕ್ಷೇಪ ಎತ್ತಿದರು. ಪೆಟ್ಟಿಗೆ ಮಾತ್ರ ಅತ್ತೆಯ ಹಜಾರದಲ್ಲಿ, ಎಲ್ಲರಿಗೂ ಕಾಣುವ ಜಾಗದಲ್ಲಿ, ನೆಲೆಗೊಂಡಿದೆ. ಬಂದವರಿಗೆಲ್ಲ ಅತ್ತೆ ಅದನ್ನು ತಾವಾಗಿಯೇ ತೋರಿಸುತ್ತಾರೆ.

ಮೊನ್ನೆ ಪಕ್ಕದ ಮನೆಯಾಕೆ ಬಂದಿದ್ದರು. ಯಜಮಾನ ಅಲ್ಲೇ ಸೋಫಾದ ತುದಿಯಲ್ಲಿ ಕೂತಿದ್ದ. ಆಕೆ ಒಬ್ಬೊಬ್ಬರನ್ನೇ ಗುರುತಿಸಿ ಮೆಚ್ಚಿಕೊಂಡು, ಕೊನೆಗೆ ನಡುವೆ ಕತ್ತಿನವರೆಗೆ ಮಾತ್ರ ಇದ್ದವನ ಮೇಲೆ ಬೆರಳಿಟ್ಟು, “ಅಯ್ಯೋ, ಇದು ಮುರಿದುಹೋಗಿದೆಯಲ್ಲ?” ಎಂದರು.

“ಮುರಿದಿಲ್ಲ,” ಎಂದರು ಅತ್ತೆ. “ಅವರು ನಮ್ಮ ಕಿರಿ ಅಳಿಯಂದ್ರು. ತಲೆ ಹುಡುಕ್ತಾ ಇದ್ದಾರೆ.”