ಒಪ್ಪಿಗೆ ಹೋದ ದಾರಿ

ಗುಮಾಸ್ತನ ಕಂಪ್ಯೂಟರಿನ ಹಳೆಯ ಮೇಲ್ ಪ್ರೋಗ್ರಾಂ ಸಾಯುವುದಕ್ಕೆ ಆ ದಿನವೇ ಬೇಕಿತ್ತೇ! ಅವನ ಹೆಂಡತಿ ಮಕ್ಕಳಿದ್ದ ಊರಿನ ಶಾಖೆಯಲ್ಲಿ ಒಂದೇ ಒಂದು ಜಾಗ ಖಾಲಿಯಾಗಿತ್ತು. ಸಂಜೆ ಐದರೊಳಗೆ ಯಾರ ಒಪ್ಪಿಗೆಯ ಮೇಲ್ ಮೊದಲು ಬರುತ್ತದೋ ಅವರಿಗೇ ವರ್ಗ ಎಂದು ಕೇಂದ್ರ ಕಚೇರಿ ತಿಳಿಸಿತ್ತು. ಮೂರು ವರ್ಷದಿಂದ ಒಂಟಿಯಾಗಿದ್ದವನು ಕುರ್ಚಿಯ ತುದಿಯಲ್ಲಿ ಕೂತಿದ್ದ.

ಹೊಸ ಪ್ರೋಗ್ರಾಂ ಪುಕ್ಕಟೆಯದು. ಲೋಕದ ಜನರೆಲ್ಲ ಕೂಡಿ ಕಟ್ಟಿ, ಒಳಗಿನ ಗುಟ್ಟನ್ನೂ ಬಿಚ್ಚಿಟ್ಟಿದ್ದರು. ಎಲ್ಲರೂ ಕೂಡಿ ಕಟ್ಟಿದ್ದನ್ನು ಎಲ್ಲರೂ ಕೂಡಿಯೇ ಇನ್‌ಸ್ಟಾಲ್ ಮಾಡಬೇಕೆಂದು ಆಫೀಸಿನವರು ತಿಳಿದರು. ಹತ್ತು ಜನ ಸೇರಿದರೆ ಹಾವು ಸಾಯುವುದಿಲ್ಲ ಎನ್ನುವುದು ಸುಳ್ಳಲ್ಲ.

“ಒಂದ್ಸಲ ಆಫ್ ಮಾಡಿ ಆನ್ ಮಾಡ್ರೀ,” ಎಂದರು ಟೈಪಿಸ್ಟಮ್ಮ. ಮಾಡಿದ. ಸಿಸ್ಟಮ್ಮು ಅಪ್‌ಡೇಟ್ ಎಂದು ಎರಡು ಗಂಟೆ ನುಂಗಿತು. ಆಮೇಲೆ ಮ್ಯಾನೇಜರರ ಪಾಸ್‌ವರ್ಡ್ ಕೇಳಿತು. ಅವರು ನಾಲ್ಕು ಸಲ ಕುಟ್ಟಿದರು, ನಾಲ್ಕೂ ತಪ್ಪು.

“ಸಾರ್, ಕ್ಯಾಪ್ಸ್ ಲಾಕ್ ಆನ್ ಆಗಿದೆ...” ಎಂದ ಗುಮಾಸ್ತ.

“ನನ್ನ ಪಾಸ್‌ವರ್ಡ್ ನಂಗೊತ್ತಿಲ್ವೇನ್ರೀ?” ಎಂದು ರೇಗಿ, ಐದನೆಯ ಸಲ ಮೆಲ್ಲಗೆ ಕ್ಯಾಪ್ಸ್ ಲಾಕ್ ಆರಿಸಿದರು.

ಪ್ರೋಗ್ರಾಂ ಕೂತಿತು. ಗುಮಾಸ್ತನ ಅಕೌಂಟ್ ಮಾತ್ರ ಒಳಗೆ ಹೋಗಲೊಲ್ಲದು. ಆಗ ಸ್ಟೋರ್ ಕೀಪರ್ ತೋಳೇರಿಸಿ ಬಂದ. “ಏಳ್ರೀ, ನಾನ್ ನೋಡ್ತೀನಿ. ಮೊದ್ಲು ನನ್ ಅಕೌಂಟ್ ಹಾಕಿ ಪರೀಕ್ಷೆ ಮಾಡೋಣ, ಆಮೇಲೆ ನಿಮ್ದು.” ಅವನದು ಸಲೀಸಾಗಿ ಹೋಯಿತು. ಹಿಂದೆಯೇ ಗುಮಾಸ್ತನದೂ ಹೋಯಿತು.

ಗಂಟೆ ನಾಲ್ಕೂ ಐವತ್ತು. ಗುಮಾಸ್ತ ಒಂದೇ ಸಾಲು ಬರೆದ: ‘ವರ್ಗಾವಣೆಗೆ ನನ್ನ ಪೂರ್ಣ ಒಪ್ಪಿಗೆಯಿದೆ, ನಾಳೆಯೇ ಹೊರಡಲು ಸಿದ್ಧ.’ ಕಳಿಸಿದ. ಹೆಂಡತಿಗೆ ಫೋನ್ ಮಾಡಿ, “ಬರ್ತಾ ಇದೀನಿ ಕಣೇ!” ಎಂದು ಕೂಗಿದ. ಅವನ ಕಣ್ಣು ತುಂಬಿತ್ತು.

ಹತ್ತು ನಿಮಿಷಕ್ಕೆ ಉತ್ತರ ಬಂತು. ಟೈಪಿಸ್ಟಮ್ಮ ಗಟ್ಟಿಯಾಗಿ ಓದಿದರು: “ಮೊದಲ ಒಪ್ಪಿಗೆ ತಮ್ಮದೇ. ವರ್ಗ ಮಂಜೂರಾಗಿದೆ. ಅಭಿನಂದನೆಗಳು, ಸ್ಟೋರ್ ಕೀಪರ್ ಅವರೇ...”

ಎಲ್ಲರೂ ಪರದೆಗೆ ಮುಗಿಬಿದ್ದರು. ಕಳಿಸಿದವರ ಜಾಗದಲ್ಲಿ ಮೊದಲು ಹಾಕಿದ ಸ್ಟೋರ್ ಕೀಪರನ ಹೆಸರೇ ಕಲ್ಲಿನಂತೆ ಕೂತಿತ್ತು.

“ಅಯ್ಯೋ, ನಿನ್ನ ಪರೀಕ್ಷೆಗೆ ಬೆಂಕಿ ಬೀಳ!” ಎಂದು ಗುಮಾಸ್ತ ತನ್ನ ಹೆಸರಿನಿಂದ ಇನ್ನೊಂದು ಮೇಲ್ ಹೊಡೆದ. ಅದಕ್ಕೂ ಉತ್ತರ ಬಂತು: ಜಾಗ ಭರ್ತಿಯಾಗಿದೆ, ನಾಳೆಯಿಂದ ಸ್ಟೋರನ್ನೂ ತಾವೇ ನೋಡಿಕೊಳ್ಳತಕ್ಕದ್ದು.

ಸ್ಟೋರ್ ಕೀಪರ್ ಪೆಚ್ಚುಮೋರೆ ಹಾಕಿಕೊಂಡು ಬೀಗದ ಕೈ ಗೊಂಚಲನ್ನು ಮೇಜಿನ ಮೇಲಿಟ್ಟ. ಆಮೇಲೆ ಮೆಲ್ಲಗೆ ಕೇಳಿದ: “ಅಲ್ರೀ, ಆ ಊರಲ್ಲಿ ನಂಗೆ ಯಾರೂ ಗೊತ್ತಿಲ್ಲ. ನಿಮ್ಮನೆ ಹತ್ರ ಒಂದು ರೂಮ್ ನೋಡೋಕೆ ಅತ್ತಿಗೆಯವ್ರಿಗೆ ಸ್ವಲ್ಪ ಹೇಳ್ತೀರಾ?”