ಮಾವ ಸಾಕಿದ ನೆರಳು

ಮೊಣಕಾಲೆತ್ತರದ ಗಿಡದ ನೆರಳಿನಲ್ಲಿ ಕುರ್ಚಿ ಹಾಕಿ ಕುಳಿತು, "ಅಬ್ಬಾ, ಎಂತ ತಂಪು!" ಎಂದು ಬೆವರೊರೆಸಿಕೊಂಡವರು ಈ ಭೂಮಿಯ ಮೇಲೆ ಒಬ್ಬರೇ ಇರಬೇಕು. ಅವರು ನನ್ನ ಸೋದರಮಾವ! ಗಿಡದ ನೆರಳು ಅವರ ಹೆಬ್ಬೆರಳನ್ನು ಮುಚ್ಚುತ್ತಿತ್ತು. ಉಳಿದ ಮಾವ ಪೂರ್ತಿ ಬಿಸಿಲಿನಲ್ಲಿ. ಬಿಸಿಲು ಸರಿದಂತೆ ನೆರಳು ಸರಿಯುತ್ತಿತ್ತು, ನೆರಳು ಸರಿದಂತೆ ಕುರ್ಚಿ. ನಾವು ನಕ್ಕರೆ, "ನಗಿ, ನಗಿ. ನಾಳೆ ಇದರಡಿಯಲ್ಲಿ ಜಾಗ ಕೇಳ್ಲಿಕ್ಕೆ ಬರಬೇಡಿ" ಎನ್ನುತ್ತಿದ್ದರು.

ಈ ಹುಚ್ಚಿಗೆ ಕಾರಣ ನಮ್ಮ ಅತ್ತೆ, ಅಂದರೆ ಮಾವನ ಹೆಂಡತಿ. ನಮ್ಮದು ಅಳಿಯಕಟ್ಟಿನ ಮನೆತನ. ಮದುವೆಯಾದ ಮೇಲೂ ಗಂಡ ತನ್ನ ತಾಯಿಯ ಮನೆಯಲ್ಲಿ, ಹೆಂಡತಿ ತನ್ನ ತಾಯಿಯ ಮನೆಯಲ್ಲಿ ಇದ್ದುಬಿಡುವುದು ಆಗ ಯಾರಿಗೂ ವಿಚಿತ್ರವಾಗಿ ಕಾಣುತ್ತಿರಲಿಲ್ಲ. ಮಾವ ಕುಂಬಳೆಯ ಹತ್ತಿರ ನಮ್ಮ ಜೊತೆ; ಅತ್ತೆ ಮುಳ್ಳೇರಿಯದಲ್ಲಿ. ಮದುವೆಯ ಹೊಸತರಲ್ಲಿ ಅತ್ತೆ ನಮ್ಮಲ್ಲಿಗೆ ಬಂದದ್ದು ಸುಡುಬೇಸಗೆಯಲ್ಲಿ. ನಮ್ಮ ಮನೆಯೋ ಮುರಕಲ್ಲಿನ ಪದವಿನ ಮೇಲೆ, ಮರವಿಲ್ಲದ ಬೋಳು ಗುಡ್ಡದಲ್ಲಿ. ಅಂಗಳದಲ್ಲಿ ಹಪ್ಪಳ ಇಟ್ಟರೆ ಸುಟ್ಟೇ ಹೋಗಬೇಕು! ಹೊರಡುವಾಗ ಅತ್ತೆ ನಗುತ್ತಾ, "ಅಂಗಳಕ್ಕೆ ಸ್ವಲ್ಪ ನೆರಳಾಗಲಿ, ಮತ್ತೆ ಬಂದು ಇಲ್ಲಿಯೇ ಇರ್ತೇನೆ" ಅಂದರಂತೆ. ಹೊರಟು ನಿಂತವರು ಏನಾದರೂ ಒಂದು ಹೇಳುತ್ತಾರೆ, ಅಲ್ಲವೇ? ಮಾವ ಮಾತ್ರ ಅದನ್ನು ಕೊಟ್ಟ ಮಾತೆಂದೇ ಹಿಡಿದರು. ಹೆಂಡತಿ ಬಂದು ಇರಬೇಕು, ಅದಕ್ಕೆ ನೆರಳು ಬೇಕು. ಅವರ ಬದುಕಿಗೆ ಅಂದಿನಿಂದ ಅದೊಂದೇ ಕೆಲಸ.

ಹಲಸು ನೆಟ್ಟರೆ ನೆರಳಾಗುವಾಗ ಇಬ್ಬರ ಬಾಯಲ್ಲೂ ಹಲ್ಲಿರುವುದಿಲ್ಲವೆಂದು ಅವರ ಅಂದಾಜು. ಒಂದು ಮಳೆಗಾಲ ಮಂಗಳೂರಿಗೆ ಹೋದಾಗ ಯಾವುದೋ ಬಂಗಲೆಯ ಎದುರು ಕೊಡೆಯಂತೆ ಹರಡಿದ ಗುಲ್‌ಮೊಹರ್ ಕಂಡರು. ಬಹಳ ಬೇಗ ಬೆಳೆಯುತ್ತದೆಂದು ಅಲ್ಲಿಯ ತೋಟದಾಳು ಹೇಳಿದನಂತೆ. ಅದರ ಕತ್ತಿಯಷ್ಟುದ್ದದ ಒಣ ಬೀಜಕೋಡೊಂದನ್ನು ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ತಂದರು. ಬೀಜವನ್ನು ಕಲ್ಲಿಗೆ ಉಜ್ಜಿ, ಬಿಸಿನೀರಿನಲ್ಲಿ ನೆನೆಹಾಕಿ ಮೊಳಕೆ ಬರಿಸಿದರು. ಮುರಕಲ್ಲು ಒಡೆದು ಗುಂಡಿ ತೋಡಿದರು. ನೆರೆಮನೆಯ ಅಜ್ಜ ಬಾವಿಯೆಂದೇ ತಿಳಿದು, "ನೀರು ಸಿಕ್ಕಿತಾ?" ಎಂದು ಇಣುಕಿದರು. ಗಿಡವೆಂದು ತಿಳಿದ ಮೇಲೆ ವಿಚಾರಣೆ ಶುರುವಾಯಿತು.

"ಇದರಲ್ಲಿ ತಿನ್ನಲಿಕ್ಕೆ ಎಂತ ಆಗ್ತದೆ?"

"ಎಂತದೂ ಆಗುವುದಿಲ್ಲ. ನೆರಳು ಉಂಟು."

"ನೆರಳನ್ನು ಗಂಜಿಗೆ ನೆಂಚಿಕೊಳ್ಳುವುದಾ ಮಾರಾಯ?"

ಮಾವ ಹಟ್ಟಿಗೊಬ್ಬರ ತರಲು ಹೋದರು. ಅಕ್ಕಿ ತೊಳೆದ ಅಕ್ಕಚ್ಚು ದನಕ್ಕೆ ಹೋಗುವ ಬದಲು ಗಿಡಕ್ಕೆ ಹೋಗತೊಡಗಿತು. ದನ ಸುಮ್ಮನಿರುತ್ತದೆಯೇ? ಒಂದು ದಿನ ಬೇಲಿ ಮುರಿದು ಗಿಡದ ತುದಿಯನ್ನೇ ಮೇಯಿತು! ಅಂದಿನಿಂದ ಮಾವ ಆ ದನದ ಹಾಲು ಮುಟ್ಟಲಿಲ್ಲ.

"ಹಾಲು ನಿನಗೆ ಎಂತ ಮಾಡಿತು?" ಎಂದು ಅಮ್ಮ ಗದರಿದರು.

"ಅದರೊಳಗೆ ನನ್ನ ಗಿಡ ಉಂಟು, ಅಕ್ಕ."

ಗಿಡ ಮತ್ತೆ ಚಿಗುರುವ ತನಕ ನಮ್ಮ ಮನೆಯಲ್ಲಿ ಮಾವನಿಗೆ ಮಾತ್ರ ಕರಿ ಚಹಾ.

ಶನಿವಾರ ಬಂತೆಂದರೆ ಅವರು ಮುಳ್ಳೇರಿಯಕ್ಕೆ ಹೊರಡುತ್ತಿದ್ದರು. ಯುದ್ಧದ ಕಾಲದ, ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ಬಸ್ಸು. ಏರು ಸಿಕ್ಕಿದಲ್ಲಿ ಕುಳಿತವರೇ ಇಳಿದು ದೂಡಬೇಕು. ಹೆಂಡತಿಯ ಮನೆಗೆ ನೆಂಟನ ಹಾಗೆ ಹೋದ ಮಾವನಿಗೆ ಅತ್ತೆ ಕಾಲಿಗೆ ನೀರು ಕೊಡುತ್ತಾ ಕೇಳುತ್ತಿದ್ದುದು ಒಂದೇ: "ಮರ ಎಷ್ಟಾಯಿತು?" ಮಾವ ಮೊದಲು ಮೊಣಕಾಲು ಮುಟ್ಟಿ ತೋರಿಸಿದರು, ಮತ್ತೆ ಸೊಂಟ, ಮತ್ತೆ ಹೆಗಲು. ಕೊನೆಗೆ ಕೈ ಎತ್ತಿದರೂ ಸಾಲದೆ ಜಗಲಿ ಹತ್ತಿ ನಿಂತು ತೋರಿಸಿದರಂತೆ!

ಆದರೂ ಅತ್ತೆ ಬರಲಿಲ್ಲ. ಬರುವ ಆಸೆ ಅವರಿಗೂ ಇತ್ತು. ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಬರುವುದು ಹೇಗೆ? ಮಾವ ಇದನ್ನು ಯಾರಲ್ಲೂ ಹೇಳಿಕೊಂಡವರಲ್ಲ. ಕೇಳಿದರೆ, "ನೆರಳು ಇನ್ನೂ ಸಾಲದು" ಎನ್ನುತ್ತಿದ್ದರು. ಆದಿತ್ಯವಾರ ಸಂಜೆ ಒಬ್ಬರೇ ಮರಳಿ ಬಂದು, ಕುರ್ಚಿಯನ್ನು ಮಾರ್ಗದ ಕಡೆಗೆ ತಿರುಗಿಸಿ ಕುಳಿತುಬಿಡುತ್ತಿದ್ದರು. ಆ ಹೊತ್ತಿನಲ್ಲಿ ಅವರನ್ನು ಕಂಡರೆ ನನಗೆ ಸಂಕಟವಾಗುತ್ತಿತ್ತು.

ಮರ ಮನೆಯ ಹಂಚನ್ನು ಮೀರಿ ಬೆಳೆಯಿತು. ಅತ್ತೆಯ ತಾಯಿ ತೀರಿಕೊಂಡರು. ಇನ್ನು ಅತ್ತೆ ಬಂದಾರು ಎಂಬ ಆಸೆ ಹುಟ್ಟಿದ್ದೇ ತಡ, ಮಾವನಿಗೆ ಬರೀ ನೆರಳು ಸಾಲದಾಯಿತು. ಬರುವವಳ ತಲೆಯ ಮೇಲೆ ಹೂವೂ ಉದುರಬೇಕು! ಮರವೋ ಹೂ ಬಿಟ್ಟಿರಲಿಲ್ಲ. "ನೀರು ಕುಡಿದು ಅದಕ್ಕೆ ಸೊಕ್ಕು. ನೀರು ನಿಲ್ಲಿಸು, ಹೂ ಬಿಡ್ತದೆ" ಎಂದು ಯಾರೋ ಹೇಳಿದರು. ಮಾವ ನಿಲ್ಲಿಸಿದರು. ಅಷ್ಟು ವರ್ಷ ಕೊಡಗಟ್ಟಲೆ ನೀರು ಕುಡಿದು ಬೇಸಗೆಯಲ್ಲೂ ಹಸುರಾಗಿದ್ದ ಮರ ಆ ಬೇಸಗೆಯಲ್ಲಿ ಹಳದಿಯಾಯಿತು, ಮತ್ತೆ ಎಲೆಯನ್ನೆಲ್ಲ ಉದುರಿಸಿ ಬೋಳಾಗಿ ನಿಂತಿತು. ಪೊರಕೆ ಹಿಡಿದು ಬಂದ ನನ್ನನ್ನು ಮಾವ, "ಇರು, ಗುಡಿಸಬೇಡ" ಎಂದು ತಡೆದರು. ಉದುರಿದ್ದನ್ನು ಮತ್ತೆ ಅಂಟಿಸುತ್ತಾರೋ ಎಂಬ ಹಾಗೆ!

ಸರಿಯಾಗಿ ಅದೇ ವಾರ ಬಸ್ಸಿನ ಕಂಡಕ್ಟರ್ ಸುದ್ದಿ ತಂದ: ಅತ್ತೆ ನಾಡಿದ್ದು ಬರುತ್ತಾರೆ. ಮಾವ ಮರದ ಬುಡಕ್ಕೆ ಬಾವಿಯ ನೀರನ್ನೆಲ್ಲ ಸೇದಿ ಹೊಯ್ದರು. ಮರ ಅಲುಗಲಿಲ್ಲ. ಕೊನೆಗೆ ಅತ್ತೆ ಬರುವ ದಿನ ಬೆಳಿಗ್ಗೆ ಏಣಿ ಇಟ್ಟು ಕೊಂಬೆಗಳಿಗೆ ತೆಂಗಿನ ಮಡಲು ಕಟ್ಟಿದರು. "ಇದರಲ್ಲಿ ಎಳನೀರು ಯಾವಾಗ ಆಗ್ತದೆ?" ಎಂದು ಅಜ್ಜ ಬೇಲಿಯಾಚೆಯಿಂದ ಕೂಗಿದರು. ಮಧ್ಯಾಹ್ನದ ಕಡಲಗಾಳಿ ಎದ್ದು ಮಡಲುಗಳೆಲ್ಲ ದಡದಡನೆ ಕೆಳಗೆ ಬಿದ್ದವು. ಬಸ್ಸು ಬಂದು ನಿಂತದ್ದೂ ಆಗಲೇ.

ಅತ್ತೆ ಅಂಗಳಕ್ಕೆ ಕಾಲಿಡುವಾಗ ಮಾವ ಕೊಡೆ ಹಿಡಿದು ಓಡಿದರು. ಮುಖ ಬಾಡಿತ್ತು.

"ಇಷ್ಟು ವರ್ಷ ಎಲೆ ಇತ್ತು. ಹೂವಿನ ಆಸೆಗೆ ನಾನೇ ನೀರು ನಿಲ್ಲಿಸಿ ಹಾಳು ಮಾಡಿದೆ. ಮಳೆ ಹಿಡಿದ ಮೇಲೆ ಬಂದಿದ್ದರೆ ಒಳ್ಳೆ ನೆರಳು ಇರ್ತಿತ್ತು. ಬಿಸಿಲು ತಡೆಯದಿದ್ದರೆ... ಸಂಜೆಗೆ ಬಸ್ಸು ಉಂಟು."

ಇಷ್ಟು ವರ್ಷ ಕಾದವರ ಬಾಯಲ್ಲಿ ಬರುವ ಮಾತೇ ಇದು! ಅಮ್ಮ ಹಣೆ ಚಚ್ಚಿಕೊಂಡರು. ಅತ್ತೆ ಬೋಳು ಮರವನ್ನು ಬುಡದಿಂದ ತುದಿಯವರೆಗೆ ನೋಡಿದರು. ಕೈಯಲ್ಲಿದ್ದ ತಗಡಿನ ಪೆಟ್ಟಿಗೆಯನ್ನು ಕೆಳಗಿಟ್ಟು, ಉರಿಬಿಸಿಲಿನಲ್ಲಿದ್ದ ಕುರ್ಚಿಯ ಮೇಲೆ ಕುಳಿತರು.

"ಮರ ಆಗಲಿ ಅಂತ ನೀವು ಇಷ್ಟು ಕಾಲ ಕೂತ್ರಿ. ಎಲೆ ಬರುವವರೆಗೆ ನಾನು ಕೂತುಕೊಳ್ತೇನೆ."

ಅಮ್ಮ ಸದ್ದಿಲ್ಲದೆ ಪೆಟ್ಟಿಗೆಯನ್ನು ಒಳಗೆ ಕೊಂಡುಹೋದರು. ಮಾವ ಅತ್ತೆಯ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದರು. ಕಣ್ಣು ತುಂಬಿ ಹರಿಯುತ್ತಿತ್ತು. ಒರೆಸಿಕೊಂಡರೆ ಎಲ್ಲಿ ಕೊಡೆ ಸರಿದು ಅತ್ತೆಗೆ ಬಿಸಿಲು ತಾಗುತ್ತದೋ ಎಂದು ಹಾಗೆಯೇ ನಿಂತಿದ್ದರು.